ಹದಿನೇಳನೇ ಸಾಲಿನ ನೆರಳು

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಸರಿಯಾಗಿ, ಸೋಲಾರ್ ಪಾರ್ಕಿನ ಕಂಟ್ರೋಲ್ ರೂಮಿನ ಪರದೆಯ ಮೇಲೆ, ಹದಿನೇಳನೇ ಸಾಲಿನ ಪ್ಯಾನಲ್‌ಗಳ ವಿದ್ಯುತ್ ತೋರಿಸುವ ಗೆರೆ ಅಂದೂ ಕುಸಿಯಿತು. ಅರ್ಧ ಗಂಟೆ ಕೆಳಗೇ ಇದ್ದು, ಏನೂ ಆಗದ ಹಾಗೆ ಮೇಲೆದ್ದಿತು.

"ಇನ್ವರ್ಟರ್ ಬದಲಾಯಿಸಿದ್ವಿ, ಕೇಬಲ್ ಬದಲಾಯಿಸಿದ್ವಿ. ಇನ್ನು ಬಾಕಿ ಇರೋದು ನಾನೊಬ್ಬನೇ," ಎಂದರು ಹಿರಿಯ ಎಂಜಿನಿಯರ್ ಪ್ರಭುದೇವ್, ಊಟದ ಡಬ್ಬಿ ತೆರೆಯುತ್ತಾ. "ನಾಳೆ ಸಂಜೆಗೆ ಕಾರಣ ಬರೆದು ಕೊಡು ಫರೀಹಾ. ಪ್ಯಾನಲ್ ಒರೆಸೋರ ತಪ್ಪಾಗಿದ್ರೆ ಹೆಸರು ಹಾಕು. ಅವರನ್ನ ತೆಗೀತಾರೆ, ನಾವು ಉಳ್ಕೋತೀವಿ."

ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಫರೀಹಾ ಆ ತಗ್ಗನ್ನೇ ನೋಡುತ್ತಿದ್ದಳು. ಸುಡುವ ಬಿಸಿಲಲ್ಲಿ ಯಾರೋ ಬಂದು, ದಣಿವಾರಿಸಿಕೊಂಡು, ಎದ್ದು ಹೋದ ಹಾಗಿತ್ತು ಅದು. ಶಿರಾದ ಮನೆಯಲ್ಲಿ ಅಜ್ಜಿ ಅಮೀರ್ ಬಿ ಹೇಳುತ್ತಿದ್ದ ಕಥೆಯೊಂದರಲ್ಲಿ, ಕಡಿದ ಮರದ ನೆರಳು ಊರು ಬಿಟ್ಟು ಹೋಗದೆ ದಿನಾ ಮಧ್ಯಾಹ್ನ ತನ್ನ ಮರವನ್ನು ಹುಡುಕಿಕೊಂಡು ಬರುತ್ತಿತ್ತು. ಕಥೆ ನೆನೆದು ನಗು ಬಂತು. ಜೊತೆಗೇ ಇನ್ನೊಂದು ಹೊಳೆಯಿತು: ದೋಷ ಹುಡುಕಲು ಹೋದವರೆಲ್ಲ ಇಷ್ಟು ದಿನ ಸರಿಯಾಗಿ ಈ ಹೊತ್ತಿಗೇ ಊಟಕ್ಕೆ ವಾಪಸಾಗಿದ್ದರು.

ಮರುದಿನ ಅವಳು ಊಟಕ್ಕೆ ಏಳಲಿಲ್ಲ. ಹದಿನೇಳನೇ ಸಾಲಿಗೆ ನಡೆದಳು. ನಡುವಿನ ಒಂದು ಪ್ಯಾನಲ್ಲಿನ ಮೇಲೆ ಹಳೆಯ ಹಸಿರು ಸೀರೆಯೊಂದು ಒದ್ದೆಯಾಗಿ ಹರಡಿತ್ತು. ಅದರಡಿಯ ತಂಪಿನಲ್ಲಿ, ಪ್ಯಾನಲ್ ಒರೆಸುವ ಚಿಕ್ಕಹನುಮಕ್ಕ ಮುದ್ದೆ ಮುರಿಯುತ್ತಿದ್ದಳು. ಪಕ್ಕದ ಬಲಸಮುದ್ರದವಳು, ಅರವತ್ತು ದಾಟಿದವಳು.

"ಬಾ ತಲ್ಲಿ, ಬಾ ತಾಯಿ, ಒಂದ್ ತುತ್ತು ಉಣ್ಣು. ಆ ಟೀವಿ ನೋಡ್ಕೊಂಡು ನೋಡ್ಕೊಂಡು ಕಡ್ಡಿ ಆಗ್ಬುಟ್ಟಿದ್ದೀಯ."

"ಅದು ಟೀವಿ ಅಲ್ಲ ಹನುಮಕ್ಕಾ. ನೀನು ಸೀರೆ ಹರಡಿದ್ದು ಅದರಲ್ಲೇ ಕಾಣುತ್ತೆ. ಒಂದು ಪ್ಯಾನಲ್ ಮುಚ್ಚಿದ್ರೆ ಇಡೀ ಸಾಲೇ ಸೊರಗುತ್ತೆ. ಎಲ್ಲರೂ ನೀರಿನ ಟ್ಯಾಂಕರ್ ನೆರಳಲ್ಲಿ ಕೂರ್ತಾರಲ್ಲ, ನೀನೂ ಅಲ್ಲೇ ಕೂರಬಾರದಾ?"

"ಅಲ್ಲಿ ಹೆಂಗಮ್ಮ ಕೂರಾದು? ನಮ್ಮ ಹುಣಸೇಮರ ಇದ್ದುದ್ದು ಇಲ್ಲಲ್ವಾ!" ಚಿಕ್ಕಹನುಮಕ್ಕ ಎಡಗೈಯಿಂದ ನೆಲ ತಟ್ಟಿದಳು. "ಕಡ್ಲೇಕಾಯಿ ಕಳೆ ಕೀಳಾಕೆ ಬಂದಾಗೆಲ್ಲ ಇಲ್ಲೇ ಬುತ್ತಿ ಬಿಚ್ಚಿದ್ದು, ಮೂವತ್ತು ವರ್ಸ. ಮೊಮ್ಮಗಳಿಗೆ ತೊಟ್ಲು ಕಟ್ಟಿದ್ದೂ ಇದೇ ಸೀರೇಲಿ. ಈಗ ಬರೀ ಗಾಜಿನಡಿ ಕೂತ್ರೆ ತಲೆ ಕುದೀತದೆ, ಅದಕ್ಕೇ ಒದ್ದೆ ಮಾಡಿ ಹಾಕ್ಕಂತೀನಿ. ಬೇರೆ ಕಡೆ ಉಂಡ್ರೆ ಮುದ್ದೆ ಗಂಟ್ಲಾಗೆ ಇಳಿಯಾಕಿಲ್ಲ ಕಣಮ್ಮ."

ಫರೀಹಾ ಪಕ್ಕದಲ್ಲಿ ಕೂತು ತುತ್ತು ತೆಗೆದುಕೊಂಡಳು. ಸೀರೆಯ ಅಂಚಿನಿಂದ ಒಂದು ಹನಿ ಕುತ್ತಿಗೆಗೆ ಬಿತ್ತು. ಸೀರೆ ಗಾಳಿಗೆ ಪಟಪಟನೆಂದಾಗ, ತಲೆಯ ಮೇಲೆ ಎಲೆಗಳಿರಬೇಕು ಅನ್ನಿಸಿತು. ತುತ್ತು ನುಂಗಿ ಚಿಕ್ಕಹನುಮಕ್ಕನ ಕಡೆ ತಿರುಗಿದಳು.

"ಸಂಜೆ ನಿನ್ನ ಹೆಸರು ಬರೆದ್ರೆ ಕೆಲಸ ಹೋಗುತ್ತೆ. ನಾನು ಬರೆಯಲ್ಲ. ಆದ್ರೆ ನಾಳೆಯಿಂದ ಬೇಡ ಹನುಮಕ್ಕಾ, ನಿನ್ನ ದಮ್ಮಯ್ಯ."

ಚಿಕ್ಕಹನುಮಕ್ಕ ಕೈ ತೊಳೆದು, ಸೀರೆ ಎಳೆದು ಹಿಂಡಿದಳು. ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಆಯ್ತು ಬುಡಮ್ಮ. ಅವತ್ತು ಗರಗಸ ತಂದಿದ್ದೋರೂ ನಿನ್ನಂಗೇ ಮೆತ್ತಗೆ ಕೇಳಿದ್ರು. ಪ್ಯಾನಲ್ ಮ್ಯಾಲೆ ನೆರಳು ಬೀಳ್ತದೆ ಅಂತ."

ಸಂಜೆ ಕಾರಣದ ಜಾಗದಲ್ಲಿ ಫರೀಹಾ 'ನೆರಳು' ಎಂದಷ್ಟೇ ಬರೆದಳು.

"ಯಾವುದರ ನೆರಳು? ಅಲ್ಲಿ ಒಂದು ಗಿಡಾನೂ ಇಲ್ಲವಲ್ಲ," ಎಂದರು ಪ್ರಭುದೇವ್.

"ಇತ್ತು ಸರ್. ಅದರ ನೆರಳು ಇನ್ನು ಬೀಳಲ್ಲ."

ಮರುದಿನ ಹನ್ನೆರಡೂ ಮುಕ್ಕಾಲು ದಾಟಿತು. ಗೆರೆ ಒಂದಿಷ್ಟೂ ಬಾಗದೆ ನೆಟ್ಟಗೆ ಹೋಯಿತು. "ಭೇಷ್!" ಎಂದು ಪ್ರಭುದೇವ್ ತಮ್ಮ ಡಬ್ಬಿಯ ಹೋಳಿಗೆಯನ್ನು ಅವಳ ಮುಂದಿಟ್ಟರು. ಫರೀಹಾ ಕಿಟಕಿಯತ್ತ ತಿರುಗಿದಳು. ಟ್ಯಾಂಕರಿನ ನೆರಳಿನಲ್ಲಿ ಹೆಂಗಸರೆಲ್ಲ ಮಾತಾಡುತ್ತಾ ಉಣ್ಣುತ್ತಿದ್ದರು. ಅವರಿಗೆ ಬೆನ್ನು ಹಾಕಿ, ಹದಿನೇಳನೇ ಸಾಲಿನ ಕಡೆ ಮುಖ ಮಾಡಿ ಚಿಕ್ಕಹನುಮಕ್ಕ ಕೂತಿದ್ದಳು. ಮಡಿಲಲ್ಲಿದ್ದ ಬುತ್ತಿಯ ಗಂಟು ಬಿಚ್ಚಿರಲಿಲ್ಲ.