ಹೊಳೆಗೊಂದು ತುರ್ತು ನಂಬರು

ಹೊಳೆಯಲ್ಲಿ ದೋಣಿ ಕೆಟ್ಟು ನಿಂತರೆ ಯಾರಿಗೆ ಫೋನ್ ಮಾಡಬೇಕು ಎಂಬ ಮಾತು ಸಭೆಯಲ್ಲಿ ಬಗೆಹರಿಯಲೇ ಇಲ್ಲ. ಕೊನೆಗೆ ತಹಶೀಲ್ದಾರ ಸಾಹೇಬರೇ ಮೇಜು ಗುದ್ದಿದರು.

"ಆಫೀಸಿನವ್ರ ನಂಬರ್ ಬ್ಯಾಡ. ನಾ ಮಾಡಿದ್ರ ನೀವು ಎತ್ತೂದಿಲ್ಲ. ಹೊತ್ತು ಮುಳುಗೂತನಕ ಹೊಳ್ಯಾಗ ಇರೋ ಮನಷ್ಯಾನ ನಂಬರ್ ಹಾಕ್ರಿ."

ಗುಮಾಸ್ತ ತಲೆಯಾಡಿಸಿದ. ವಾರ ಕಳೆಯುವುದರೊಳಗೆ ಎರಡೂ ದಡದಲ್ಲಿ ಆಳೆತ್ತರದ ಹಳದಿ ಬೋರ್ಡುಗಳು ನಿಂತವು.

ಅವನ್ನು ಕಣ್ಣಾರೆ ನೋಡಲೆಂದು ಸಾಹೇಬರು ಜನರ ಜೊತೆಗೇ ದೋಣಿ ಹತ್ತಿದರು. ನಡುಹೊಳೆಯಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ದೋಣಿ ಸೆಳವಿಗೆ ಸಿಕ್ಕು ಬ್ಯಾರೇಜಿನ ತೆರೆದ ಗೇಟುಗಳ ಕಡೆ ಸರಿಯತೊಡಗಿತು. ಹಿಂದಿನ ತುದಿಯಲ್ಲಿ ಅಂಬಿಗ ಇಂಜಿನ್ನಿಗೆ ತಲೆ ಕೊಟ್ಟು ಕೂತ.

"ಯಪ್ಪಾ, ಇನ್ನ ನಮ್ಮನ್ನ ಯಾರ ಉಳಸ್ತಾರ!" ಎಂದು ಬದನೆಕಾಯಿ ಬುಟ್ಟಿಯ ಹೆಂಗಸು ಅಳಲು ಶುರುಮಾಡಿದಳು.

"ಅಂಜಬ್ಯಾಡ್ರಿ ಅಕ್ಕಾರ, ಇದಕ್ಕಂತನ ವ್ಯವಸ್ಥಾ ಮಾಡೀವಿ," ಎಂದರು ಸಾಹೇಬರು. ತಮ್ಮ ಏರ್ಪಾಡು ಇಷ್ಟು ಬೇಗ ಕೆಲಸಕ್ಕೆ ಬಂತಲ್ಲ ಎಂದು ಆ ಗಾಬರಿಯಲ್ಲೂ ಅವರಿಗೆ ಒಳಗೊಳಗೇ ಹಿಗ್ಗು. "ಒಂದ ಫೋನ್ ಹಚ್ಚೂದ ತಡ, ದೋಣಿ ಬರತೈತಿ ನೋಡ್ರಿ."

ದಡದ ಬೋರ್ಡು ನೋಡುತ್ತ ಒಂದೊಂದೇ ಅಂಕಿ ಒತ್ತಿ ಅವರು ಫೋನನ್ನು ಕಿವಿಗಿಟ್ಟರು.

ದೋಣಿಯ ಹಿಂದಿನ ತುದಿಯಲ್ಲಿ ರಿಂಗಾಯಿತು. ಅಂಬಿಗ ಇಂಜಿನ್ನಿನಿಂದ ತಲೆ ಎತ್ತದೆ, ಎಣ್ಣೆಗೈಯಲ್ಲೇ ಫೋನ್ ತೆಗೆದ.

"ಹಲೋ, ಅಂಜಬ್ಯಾಡ್ರಿ. ಎಲ್ಲಿ ಅದೀರಿ ಅಷ್ಟ ಹೇಳ್ರಿ, ದೋಣಿ ತಗೊಂಡು ಈಗ ಬಂದ್ನಿ."