ಮೂರು ಸೆಂಟಿಮೀಟರ್

ಉಮಾಶಂಕರ್ ಸರ್ ಪಟ್ಟಿಯ ಮೊದಲ ಹೆಸರಿನ ಮೇಲೆ ಪೆನ್ನಿಟ್ಟರು. ಲೇಸರ್ ಕಿರಣ ಹಾಯಿಸಿ ಉಪಗ್ರಹದ ದೂರ ಅಳೆಯುವ ಜಗತ್ತಿನ ಕೇಂದ್ರಗಳಲ್ಲಿ ಈ ಸಲ ಆ ಹೆಸರಿನ ಕೇಂದ್ರವೇ ಮುಂದು. "ನೋಡಮ್ಮ ಮಮತ, ಇವರ ಒಂದು ಅಳತೆಗೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಪಟ್ಟೀನ ಎಲ್ಲ ಕೇಂದ್ರಗಳಿಗೂ ಫ್ಯಾಕ್ಸ್ ಮಾಡ್ಬಿಡೋಣ್ವಾ?"

ಕೆಲಸಕ್ಕೆ ಸೇರಿದ ಆರು ತಿಂಗಳಿಂದ 'ಹೂಂ ಸರ್' ಬಿಟ್ಟು ಬೇರೇನೂ ಆಡದ ಮಮತ ಪಟ್ಟಿಯ ಮೇಲೆ ಅಂಗೈ ಇಟ್ಟಳು. "ಬೇಡ ಸರ್. ನಮ್ಮೂರು ಸಾಸಲಲ್ಲಿ ನಮ್ ತಾತ ದ್ರಾಕ್ಷಿಗೆ ಗುಂಡಿ ತೆಗೆಸುವಾಗ ಅಳತೆ ಹಗ್ಗ ನೆಂದು ಗೇಣುದ್ದ ಕುಗ್ಗಿತ್ತು. ಗುಂಡಿಗಳ ಅಂತರವೆಲ್ಲ ಒಂದೇ ಸಮ ಬಂತು, ಆದ್ರೆ ಎಲ್ಲಾನೂ ತಪ್ಪು. ಇವರದ್ದೂ ಹಾಗೇ. ಬೇರೆಯವರ ಅಳತೆಗಳಿಂದ ಬರೋ ಲೆಕ್ಕಕ್ಕಿಂತ ಪ್ರತಿ ಸಲಾನೂ ಮೂರು ಸೆಂಟಿಮೀಟರ್ ಜಾಸ್ತಿ."

"ಆಮೇಲೆ ನಿಮ್ ತಾತ ಏನ್ ಮಾಡಿದ್ರು?"

"ಅಷ್ಟೂ ಮುಚ್ಚಿಸಿ, ಮತ್ತೆ ಅಗೆಸಿದ್ರು ಸರ್."

ಸರ್ ನಕ್ಕು ಪೆನ್ನನ್ನು ಅವಳತ್ತ ಚಾಚಿದರು. ಮಮತ ಮೊದಲ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಳು: ಮತ್ತೆ ಅಳೆಯಿರಿ.