ಹದಿನೈದನೆಯ ಕ್ಯಾಮೆರಾ

"ಇದು ದಗಾ ಮಾಲ್ರೀ!" ಸುಭಾಸ ಕ್ಯಾಮೆರಾವನ್ನು ಕಣ್ಣಿನಿಂದ ಕಿತ್ತು ಹಿಡಿದ. "ವ್ಯೂಫೈಂಡರ್ ಒಳಗ ಮಂಜು ಕೂತೈತಿ. ಏನೂ ಕಾಣವಲ್ದು."

ಸ್ಟುಡಿಯೊ ಮಡಿವಾಳೆಪ್ಪ ವಾದಿಸಲಿಲ್ಲ. ಅವನು ಮಾರಾಟಕ್ಕಿಟ್ಟಿದ್ದ ಕ್ಯಾಮೆರಾ ಅದು. ಮಧ್ಯಾಹ್ನ ಸುಭಾಸನ ಫೋನ್ ಬಂದದ್ದೇ ತಡ, ಅಂಗಡಿಗೆ ಬೀಗ ಜಡಿದು ನವಲಗುಂದದಿಂದ ತಿರ್ಲಾಪುರಕ್ಕೆ ಬೈಕಿನಲ್ಲಿ ತಂದಿದ್ದ. ಅಂಗಿಯ ಚುಂಗಿನಿಂದ ಗಾಜು ಒರೆಸಿ ಮತ್ತೆ ಕೊಟ್ಟ. "ಈಗ ನೋಡ್ರಿ ಸರ್."

ಈಗಲೂ ಮಂಜು.

ಸುಭಾಸ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಕ್ಯಾಮೆರಾದ ಹುಚ್ಚು ವಿಪರೀತ, ಕೊಳ್ಳುವ ಧೈರ್ಯ ಮಾತ್ರ ಇಲ್ಲ. ಮೂರು ವರ್ಷದಿಂದ ಒಂದು ನೋಟುಬುಕ್ಕಿನಲ್ಲಿ ಹದಿನಾಲ್ಕು ಮಾಡೆಲ್‌ಗಳ ಜಾತಕ ಬರೆದಿಟ್ಟಿದ್ದ. ಇದರ ಸೆನ್ಸರ್ ಚಲೋ, ಫೋಕಸ್ ನಿಧಾನ. ಅದರ ಫೋಕಸ್ ಚುರುಕು, ಮಬ್ಬು ಬೆಳಕಿನಲ್ಲಿ ಚಿತ್ರವೆಲ್ಲ ರವೆ ರವೆ. ತೀರ ಅಗ್ಗದ್ದು ಬೇಡ, ತೀರ ದುಬಾರಿಯದು ಒಲ್ಲೆ, ನಡುವಿನದರಲ್ಲೇ ಉತ್ತಮವಾದದ್ದು ಬೇಕು. ಹೆಣ್ಣು ನೋಡುವಾಗಲೂ ಇಷ್ಟು ಪಂಚಾಯ್ತಿ ಮಾಡಿರಲಿಲ್ಲ, ಪುಣ್ಯಾತ್ಮ!

ಅವನ ತಾಯಿ ಅನ್ನವ್ವನಿಗೆ ಬೇಕಾದದ್ದು ಒಂದೇ ಒಂದು ಫೋಟೋ, ಕಣ್ಣು ತೆರೆದಿರುವ ಫೋಟೋ. ಮಗಳ ಮದುವೆಯ ಗ್ರೂಪ್ ಫೋಟೋದಲ್ಲಿ ಫ್ಲ್ಯಾಶಿಗೆ ಬೆದರಿ ಕಣ್ಣು ಮುಚ್ಚಿಬಿಟ್ಟಿದ್ದಳು. "ನಿನ್ನ ಕಣ್ಣ ಥೇಟ್ ನನ್ನೂವ ಅಂತ ಊರೆಲ್ಲಾ ಅಂತೈತಿ. ನಂಬಾಕ ನನಗೊಂದು ಫೋಟೋ ಬ್ಯಾಡೇನಲೇ?" ಎಂದು ಕೆಣಕುತ್ತಿದ್ದಳು.

"ತಡಿ ಬೇ, ಚಲೋ ಕ್ಯಾಮೆರಾ ಬರ್ಲಿ."

ಜೇಬಿನಲ್ಲಿ ಮೊಬೈಲ್ ಇತ್ತು. ಅದರಲ್ಲಿ ಅವ್ವನ ಫೋಟೋ ತೆಗೆಯುವುದು ಅವನಿಗೆ ಅವಮಾನ.

ಇವತ್ತು ಕ್ಯಾಮೆರಾ ಮನೆಗೇ ಬಂದಿತ್ತು. ಅವ್ವನೂ ಕೂತಿದ್ದಳು. ಒಲೆ, ದನ, ಹೊಲ ಎಂದು ಒಂದು ಗಳಿಗೆ ಕೂರದವಳು ಇಳಕಲ್ ಸೀರೆಯುಟ್ಟು, ಹಣೆತುಂಬ ವಿಭೂತಿ ಧರಿಸಿ ಪಡಸಾಲೆಯ ಖುರ್ಚಿಯಲ್ಲಿ ಠೀವಿಯಿಂದ ಕೂತಿದ್ದಳು. ಮಧ್ಯಾಹ್ನವಷ್ಟೇ ಕುಂದಗೋಳದಿಂದ ಬಂದ ಸುಭಾಸನ ತಂಗಿ ಮಹಾನಂದಾ ಅವ್ವನ ಸೆರಗು ಸರಿಮಾಡುತ್ತಿದ್ದಳು. ಅಂಗಳದ ತುಂಬ ಮಂದಿ. ಕ್ಯಾಮೆರಾ ಎಂದರೆ ಊರು ಸೇರುತ್ತದೆ.

ಸುಭಾಸ ಕ್ಲಿಕ್ಕಿಸಿದ. ಚಿತ್ರ ಅಲುಗಿತ್ತು. ಇನ್ನೊಂದು ತೆಗೆದ. ಅದೂ ಅಲುಗಿತ್ತು.

"ಲೆನ್ಸಿನ ಸ್ಟೆಬಿಲೈಜರ್ ಕೆಟ್ಟೈತಿ!"

"ಕೆಟ್ಟಿಲ್ರಿ."

"ಹಂಗಾರ ಅವ್ವ ಅಲುಗ್ಯಾಳೇನು?"

ಮಡಿವಾಳೆಪ್ಪ ನೆಲ ನೋಡಿದ. "ಇಲ್ರಿ ಸರ್. ಅವ್ರು ಅಲುಗಿಲ್ಲ."

ಸುಭಾಸ ಕ್ಯಾಮೆರಾದ ಹಿಂಬದಿಯ ಪರದೆಗೆ ಬದಲಿಸಿ ನೋಡಿದ. ಮುಖದ ಗುರುತು ಹಿಡಿಯುವ ಹಸಿರು ಚೌಕ ಅವ್ವನ ಮೇಲೆ ನಿಲ್ಲಲೇ ಇಲ್ಲ. ಮಹಾನಂದಾಳ ಮೇಲೆ ಹೋಗಿ ಕೂತಿತು. ಇದನ್ನೂ ಬೈದ. ಬಯ್ಯುವುದು ಬಿಟ್ಟು ಅವನ ಕೈಯಲ್ಲಿ ಬೇರೇನೂ ಇರಲಿಲ್ಲ.

"ಸುಭಾಸಾ, ಲಗೂ ಮುಗಸೋ," ಅಂಗಳದಿಂದ ಹನಮಪ್ಪ ಕಾಕಾ ಕೂಗಿದ. "ಹೊತ್ತು ಮುಳುಗಾಕ ಬಂತು."

"ಗೊತ್ತೈತಿ ಕಾಕಾ! ಬೆಳಕ ಹೋಗೂದು ನನಗ ಕಾಣಂಗಿಲ್ಲೇನು?"

ಕೊನೆಗೆ ಮಡಿವಾಳೆಪ್ಪ ಮೆಲ್ಲಗೆ ಕ್ಯಾಮೆರಾ ಬಿಡಿಸಿಕೊಂಡು ಟ್ರೈಪಾಡಿಗೆ ಸಿಕ್ಕಿಸಿದ. ಫ್ಲ್ಯಾಶ್ ಹಾಕಲಿಲ್ಲ. ಶಟರನ್ನು ಒಂದು ಪೂರ್ತಿ ಸೆಕೆಂಡು ತೆರೆದಿಟ್ಟ.

ಪರದೆಯ ಮೇಲೆ ಅವ್ವ ಮೂಡಿದಳು. ಸೆರಗಿನ ಒಂದೊಂದು ಎಳೆ, ವಿಭೂತಿಯ ಮೂರು ಗೆರೆ, ಕಿವಿಯ ಬಳಿಯ ಬಿಳಿಗೂದಲು, ಎಲ್ಲ ಸ್ಫುಟ. ಮಂಜಿಲ್ಲ, ರವೆಯಿಲ್ಲ. ನೋಟುಬುಕ್ಕಿನ ಯಾವ ಮಾಡೆಲ್ಲೂ ಇದಕ್ಕಿಂತ ಚೆನ್ನಾಗಿ ತೆಗೆಯುತ್ತಿರಲಿಲ್ಲ. ಕ್ಯಾಮೆರಾದಲ್ಲಿ ಯಾವ ದೋಷವೂ ಇರಲಿಲ್ಲ. ಸುಭಾಸ ತನ್ನ ಎರಡೂ ಕೈ ನೋಡಿಕೊಂಡ. ಅವು ಇನ್ನೂ ನಡುಗುತ್ತಿದ್ದವು.

"ಆದ್ರ ಕಣ್ಣ ಮುಚ್ಯಾವಲ್ರಿ, ಮಡಿವಾಳೆಪ್ಪಾ," ಎಂದ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. "ಅಕಿ ಕೇಳಿದ್ದು ಅದೊಂದ."

ಮಡಿವಾಳೆಪ್ಪ ಟ್ರೈಪಾಡನ್ನು ಸುಭಾಸನ ಕಡೆಗೆ ತಿರುಗಿಸಿದ.

"ಕಣ್ಣೊರಸಿಕೊಂಡು ಇತ್ತ ನೋಡ್ರಿ ಸರ್. ಸತ್ತವರ ಫೋಟೋಕ್ಕ ನಾವು ಮಕ್ಕಳ ಫೋಟೋದಾಗಿನ ಕಣ್ಣ ತಗದು ಹಚ್ಚತೀವಿ. ನಿಮ್ಮೂವು ಅಗದಿ ಅವ್ವನ್ನೂವ ಅದಾವ."